ಮೇಣದ ಮೆಟ್ಟಿಲಿನಿಂದ ಮೂಕ ಕೀಲಿಮಣೆಗೆ

ಹಂಪಿಯಲ್ಲಿ ಕಲ್ಲು ಉಳಿಯಿತು, ದನಿ ಉಳಿಯಲಿಲ್ಲ ಎಂದು ಹೇಳುವುದು ವಾಡಿಕೆ. ವಿಠ್ಠಲ ದೇವಾಲಯದ ಮಂಟಪದ ಮುಂದೆ ನಿಂತ ಪ್ರವಾಸಿಗೆ ಮಾರ್ಗದರ್ಶಿಯು 'ಇವು ಸರಿಗಮ ಕಂಬಗಳು' ಎಂದು ತೋರಿಸುತ್ತಾನೆ. ಆದರೆ ಅವನ್ನು ಬಡಿದು ಕೇಳುವಂತಿಲ್ಲ, ಬಡಿಯಬಾರದೆಂಬ ಕಟ್ಟುಪಾಡು ಇದೆ. ಇರಬೇಕಾದ್ದೇ ಸರಿ. ಕಲ್ಲಿನ ದನಿಗೆ ಒಂದು ಗುಣವುಂಟು: ಅದನ್ನು ಯಾರೂ ಶ್ರುತಿ ಮಾಡಲಾರರು. ಶಿಲ್ಪಿ ಉಳಿಯನ್ನು ಕೆಳಗಿಟ್ಟ ದಿನ ಹೇಗಿತ್ತೊ ಹಾಗೆಯೇ ಅದು ಇರುತ್ತದೆ. ಸ್ವರವನ್ನು ಒಂದು ಜಾಗದಲ್ಲಿ ನೆಲೆಗೊಳಿಸುವುದರ ಕೊನೆಯ ಅಂಚು ಅದು.

ಆದರೆ ಅದೇ ಪಟ್ಟಣದಲ್ಲಿ, ಆ ಕಂಬಗಳಿಗಿಂತ ಹೆಚ್ಚು ಕಾಲ ಮಾತನಾಡುತ್ತ ಬಂದಿರುವ ಇನ್ನೊಂದು ವಸ್ತು ಹುಟ್ಟಿತು. ಅದೊಂದು ಸಂಸ್ಕೃತ ಗ್ರಂಥ, ಹೆಸರು 'ಸ್ವರಮೇಳಕಲಾನಿಧಿ'. ಗ್ರಂಥಕರ್ತ ರಾಮಾಮಾತ್ಯ. ಸದಾಶಿವರಾಯನು ಹೆಸರಿಗೆ ಅರಸನಾಗಿದ್ದು ಅಳಿಯ ರಾಮರಾಯನು ಆಳುತ್ತಿದ್ದ ಕಾಲ. ರಾಮರಾಯನ ಅಪೇಕ್ಷೆಯಂತೆ ಶಾಲಿವಾಹನ ಶಕ 1472ರ ಸಾಧಾರಣ ಸಂವತ್ಸರದ ಶ್ರಾವಣ ಶುದ್ಧ ದಶಮಿಯಂದು, ಎಂದರೆ 1550ರಲ್ಲಿ, ಇದು ಮುಗಿಯಿತು. ಈತ 'ಸಂಗೀತರತ್ನಾಕರ'ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ವಂಶಕ್ಕೆ ಸಂಬಂಧಪಟ್ಟವನು. ಹದಿನೈದು ವರ್ಷಗಳ ತರುವಾಯ ರಕ್ಕಸ-ತಂಗಡಿಯ ಕಾಳಗವಾಗಿ ಊರು ಹಾಳಾಯಿತು. ಗ್ರಂಥ ಮಾತ್ರ ದಕ್ಷಿಣಕ್ಕೆ ನಡೆದು ಉಳಿದುಕೊಂಡಿತು, 1932ರಲ್ಲಿ ಎಂ. ಎಸ್. ರಾಮಸ್ವಾಮಿ ಅಯ್ಯರ್ ಅವರ ಸಂಪಾದನೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಅಚ್ಚಾಗಿ ಹೊರಬಂತು.

ನಾನು ಸಂಗೀತಗಾರನಲ್ಲ. ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳಗನ್ನಡ ಪಾಠ ಹೇಳಿದವನು. 'ಮೇಳ' ಎಂಬ ಒಂದು ಶಬ್ದದ ಜಾಡು ಹಿಡಿದು ನಾನು ಈ ಗ್ರಂಥಕ್ಕೆ ಬಂದೆ. ನಮ್ಮ ಬಯಲಾಟದವರ ಹಿಮ್ಮೇಳ-ಮುಮ್ಮೇಳಗಳಲ್ಲಿ ಮೇಳವೆಂದರೆ ಕೂಡಿದ ಜನ. ರಾಮಾಮಾತ್ಯನಲ್ಲಿ ಅದು ಕೂಡಿದ ಸ್ವರ. ಶಬ್ದದ ಬೆನ್ನು ಹತ್ತಿ ಹೋದವನಿಗೆ ಅಲ್ಲಿ ಸಿಕ್ಕಿದ್ದು ಒಂದು ಯಂತ್ರದ ವಿಚಾರ. ಆ ವಿಚಾರ ಇಂದು ಹೊಸಪೇಟೆ, ಕಂಪ್ಲಿಗಳಲ್ಲಿ ಗಣಕಯಂತ್ರಕ್ಕೆ ಕೀಲಿಮಣೆ ಜೋಡಿಸಿಕೊಂಡು ಕೂತಿರುವ ಹುಡುಗರಿಗೆ ನೇರವಾಗಿ ಸಂಬಂಧಪಟ್ಟದ್ದು ಎಂಬುದೇ ಈ ಹೊತ್ತಿನ ನನ್ನ ಮಾತು.

ರಾಮಾಮಾತ್ಯ ಮಾಡಿದ್ದೇನು? ಅವನಿಗೆ ಮುಂಚಿನ ಶಾರ್ಙ್ಗದೇವನು ಏಳು ಶುದ್ಧಸ್ವರ, ಹನ್ನೆರಡು ವಿಕೃತಸ್ವರಗಳನ್ನು ಹೇಳಿದ್ದನು. ಕಿವಿಗೆ ಬೇರೆಯಾಗಿ ಕೇಳಿಸುವ ವಿಕೃತಗಳು ಏಳೇ ಎಂದು ರಾಮಾಮಾತ್ಯ ಎಣಿಸಿದ; ಒಟ್ಟು ಹದಿನಾಲ್ಕಾಯಿತು. ಆ ಬಳಿಕ ಅವುಗಳನ್ನು ವೀಣೆಯ ಮೇಲೆ ಕೂಡಿಸಹೊರಟ. ತೊಡಕು ಬಂದದ್ದು ಅಲ್ಲಿ. ಅಂತರ ಗಾಂಧಾರಕ್ಕೂ, ಚ್ಯುತಮಧ್ಯಮ ಗಾಂಧಾರವೆಂದು ಅವನು ಕರೆಯುವ ಸ್ವರಕ್ಕೂ ನಡುವೆ ಎಳೆಯಷ್ಟೇ ಅಂತರ. ಹಾಗೆಯೇ ಕಾಕಲಿ ನಿಷಾದ ಮತ್ತು ಚ್ಯುತಷಡ್ಜ ನಿಷಾದ. ಎರಡಕ್ಕೂ ಬೇರೆಬೇರೆ ಮೆಟ್ಟಿಲು ಹಾಕಿದರೆ ಬೆರಳಿಡಲು ಎಡೆಯಿಲ್ಲ. ಆದ್ದರಿಂದ ಒಂದರ ಕೆಲಸವನ್ನು ಇನ್ನೊಂದೇ ಮಾಡಲಿ ಎಂದು ಅವನು ತೀರ್ಪಿತ್ತ. ಇಪ್ಪತ್ತು ಮೇಳಗಳನ್ನು ಹೇಳಿದವನು, ಈ ಲೆಕ್ಕದಲ್ಲಿ ಹದಿನೈದೇ ಸಾಕೆಂದೂ ಒಪ್ಪಿದ. ಹದಿನಾಲ್ಕು ಸ್ವರ, ಆದರೆ ಸ್ಥಾಯಿಯೊಂದಕ್ಕೆ ಹನ್ನೆರಡು ಜಾಗ. ಹಾರ್ಮೋನಿಯಂ ನೋಡಿದವರಿಗೆ ಈ ಹನ್ನೆರಡು ಹೊಸತಲ್ಲ. ಬಿಳಿ ಏಳು, ಕರಿ ಐದು. ಆದರೆ ಆ ಪೆಟ್ಟಿಗೆ ನಮ್ಮ ದೇಶಕ್ಕೆ ಬರುವುದಕ್ಕೆ ಮುನ್ನೂರು ವರ್ಷ ಮೊದಲೇ ತುಂಗಭದ್ರೆಯ ದಡದಲ್ಲಿ ಒಬ್ಬ ಅಮಾತ್ಯ ಈ ರಾಜಿಯನ್ನು ಮಾಡಿಕೊಂಡಿದ್ದ.

ಇದನ್ನು ನಾನು ರಾಜಿ ಎಂದೆ, ಸೋಲು ಎನ್ನಲಿಲ್ಲ. ಏಕೆಂದರೆ ರಾಮಾಮಾತ್ಯ ತನ್ನ ರಾಜಿಗೆ ಮೂರು ಕಾವಲುಗಳನ್ನು ಇಟ್ಟಿದ್ದಾನೆ. ಮೊದಲನೆಯದು, ಮೆಟ್ಟಿಲಿನ ಜಾಗವನ್ನು ಅಳತೆಗೋಲಿನಿಂದ ಕಟ್ಟುವುದಿಲ್ಲ. ಒಂದು ತಂತಿಯ ಮೆಟ್ಟಿಲಿನ ಸ್ವರವನ್ನು ಇನ್ನೊಂದು ತಂತಿಯ ಸ್ವರದೊಡನೆ ಕಿವಿಯಿಂದ ತಾಳೆ ನೋಡಿ, ಎರಡೂ ಒಂದಾದ ಕಡೆ ಕೂಡಿಸುವುದು. ಹೀಗೆ ತಾವಾಗಿ ನೆಲೆಗೊಳ್ಳುವ ಸ್ವರಗಳನ್ನು ಅವನು 'ಸ್ವಯಂಭು' ಎನ್ನುತ್ತಾನೆ. ಎಂಥ ಸೊಗಸಾದ ಶಬ್ದ! ನಮ್ಮಲ್ಲಿ ಸ್ವಯಂಭು ಎಂದರೆ ಯಾರೂ ಕೆತ್ತದೆ ಮೂಡಿದ ಲಿಂಗ. ಎರಡನೆಯದು, ವೀಣೆಯನ್ನು ಅವನು ಎರಡು ಬಗೆ ಮಾಡುತ್ತಾನೆ. ಎಲ್ಲ ರಾಗಗಳಿಗೂ ಒಮ್ಮೆಗೇ ಮೆಟ್ಟಿಲು ಹೊಂದಿಸಿದ್ದು ಸರ್ವರಾಗಮೇಳ ವೀಣೆ. ಒಂದು ರಾಗಕ್ಕೆ ಬೇಕಾದ ಸ್ವರಗಳಿಗಷ್ಟೇ ಹೊಂದಿಸಿದ್ದು ಏಕರಾಗಮೇಳ ವೀಣೆ. ಮೊದಲನೆಯದರಲ್ಲಿ ಅನುಕೂಲ ಹೆಚ್ಚು, ಎರಡನೆಯದರಲ್ಲಿ ನಿಷ್ಠೆ ಹೆಚ್ಚು. ಮೂರನೆಯ ಕಾವಲನ್ನು ಗ್ರಂಥ ಬಿಡಿಸಿ ಹೇಳಬೇಕಾಗಿಯೇ ಇಲ್ಲ, ವೀಣೆ ಎಂಬ ವಾದ್ಯದಲ್ಲೇ ಅದು ಅಡಗಿದೆ. ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ. ಗಮಕ ಹುಟ್ಟುವುದು ಅಲ್ಲಿ.

ಇನ್ನು ಇಂದಿನ ಸರಸ್ವತೀವೀಣೆಯನ್ನು ನೋಡಿ. ಅದರ ಹಿತ್ತಾಳೆಯ ಮೆಟ್ಟಿಲುಗಳು ಕೂತಿರುವುದು ಮೇಣದಲ್ಲಿ. ಮೇಣ ಬಿಸಿಯಾದರೆ ಮೆಟ್ಟಿಲು ಕದಲುತ್ತದೆ, ಆರಿದರೆ ನಿಲ್ಲುತ್ತದೆ. ಹೀಗೆ ನೆಲೆಗೊಂಡೂ ಕದಲಬಲ್ಲದ್ದು ಮೇಣದ ಮೆಟ್ಟಿಲು. ಮುಂದಿನ ನಾಲ್ಕುನೂರು ವರ್ಷಗಳ ಕಥೆಯೆಲ್ಲ, ಕದಲಬಲ್ಲ ಈ ಗುಣವನ್ನು ನಾವು ಕಳೆದುಕೊಂಡ ಬಗೆ ಮತ್ತು ಅದು ಮತ್ತೆ ಕೈಗೆ ಬಂದಿರುವ ಬಗೆ.

ರಾಮಾಮಾತ್ಯನ ಹನ್ನೆರಡು ಜಾಗಗಳನ್ನು ತಂಜಾವೂರಿನಲ್ಲಿ ವೆಂಕಟಮಖಿ ಗಣಿತದ ತುದಿಗೆ ಒಯ್ದು ಎಪ್ಪತ್ತೆರಡು ಮೇಳಗಳನ್ನು ಮಾಡಿದ. ಅವನ ತಂದೆ ಗೋವಿಂದ ದೀಕ್ಷಿತರು ಕನ್ನಡದವರು, ತಂಜಾವೂರು ನಾಯಕರ ಮಂತ್ರಿಗಳು. ಮಗನು ತನ್ನ 'ಚತುರ್ದಂಡೀಪ್ರಕಾಶಿಕೆ'ಯಲ್ಲಿ ರಾಮಾಮಾತ್ಯನನ್ನು ಬಹಳ ಕಟುವಾಗಿ ಬೈಯುತ್ತಾನೆ. ಹೆಗಲ ಮೇಲೆ ಕೂತವರು ಹಾಗೆ ಕಾಲಾಡಿಸುವುದು ವಿದ್ವತ್ತಿನ ಲೋಕದಲ್ಲಿ ಹೊಸದೇನಲ್ಲ. ಇರಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಪೆಟ್ಟಿಗೆ ಬಂತು. 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬವನು ಹಾರ್ಮೋನಿಯಮಿಗೆ ಹಕ್ಕುಪತ್ರ ಪಡೆದ. ಅದು ಕಾಲಿನಿಂದ ತಿದಿ ಒತ್ತುವ ದೊಡ್ಡ ಪೆಟ್ಟಿಗೆ. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತಿ ಇನ್ನೊಂದು ಕೈಯಿಂದ ನುಡಿಸುವ ರೂಪವನ್ನು ಬೆಳಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅಲ್ಲಿಂದ ಅದು ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿತು. ನಮ್ಮ ಬಳ್ಳಾರಿ ಸೀಮೆಯಲ್ಲಿ ಕಂಪನಿ ನಾಟಕಕ್ಕೂ, ದೊಡ್ಡಾಟಕ್ಕೂ, ತೊಗಲುಗೊಂಬೆಯಾಟಕ್ಕೂ ಪೇಟಿಯೇ ಆಧಾರವಾಯಿತು. ದೊಡ್ಡಾಟದಲ್ಲಿ ಹಿಂದೆ ಮುಖವೀಣೆ ಊದುತ್ತಿದ್ದ ಕಡೆ ಪೇಟಿ ಮಾಸ್ತರು ಕೂತರು. ಕಂಪ್ಲಿಯ ಕಡೆ ಕುಮಾರರಾಮನ ಕಥೆಯಾಗಲಿ, ಸಂಡೂರಿನ ಗುಡ್ಡದ ಹಳ್ಳಿಗಳಲ್ಲಿ ಭಾರತದ ಪ್ರಸಂಗವಾಗಲಿ, ಪೇಟಿಯ ಶ್ರುತಿ ಎದ್ದ ಮೇಲೆಯೇ ಆಟ ಎದ್ದದ್ದು.

ಪಂಡಿತರು ಮಾತ್ರ ಇದನ್ನು ಒಪ್ಪಲಿಲ್ಲ. ಅವರ ಆಕ್ಷೇಪ ಎರಡು: ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ, ಅದರ ಸ್ವರಗಳೂ ನಮ್ಮ ಸ್ವರಗಳಲ್ಲ. ಎರಡನೆಯದನ್ನು ಸ್ವಲ್ಪ ಬಿಡಿಸಬೇಕು. ಪಾಶ್ಚಾತ್ಯರು ಯಾವ ಕೀಲಿಯಿಂದ ತೊಡಗಿದರೂ ರಾಗ ಒಂದೇ ಸಮನಾಗಿ ಕೇಳಲಿ ಎಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿಕೊಂಡರು. ಅದರಿಂದ ಪಂಚಮಕ್ಕೆ ಆಗುವ ಲುಕ್ಸಾನು ಅತ್ಯಲ್ಪ. ಗಾಂಧಾರಕ್ಕೆ ಆಗುವುದು ದೊಡ್ಡದು. ತಂಬೂರಿಯ ಷಡ್ಜ ಸೆಕೆಂಡಿಗೆ 240 ಕಂಪನವೆಂದಿಟ್ಟುಕೊಳ್ಳಿ. ಆ ತಂತಿಯ ಅನುರಣನದಲ್ಲಿ ತಾನಾಗಿ ಕೇಳಿಬರುವ ಗಾಂಧಾರವನ್ನು ಅದೇ ಸ್ಥಾಯಿಗೆ ಇಳಿಸಿದರೆ 300 ಕಂಪನವಾಗುತ್ತದೆ. ಸಮಪಾಲಿನ ಪೆಟ್ಟಿಗೆಯ ಗಾಂಧಾರ 302.4ರ ಹತ್ತಿರ. ಎರಡೂ ಕೂಡಿ ಮೊಳಗಿದಾಗ ದನಿ ಸೆಕೆಂಡಿಗೆ ಎರಡು ಬಾರಿಗಿಂತ ಹೆಚ್ಚು ಅಲುಗುತ್ತದೆ. ಕಿವಿಯುಳ್ಳವನಿಗೆ ಅದು ಹಲ್ಲಿಗೆ ಸಿಕ್ಕ ಮರಳು. ತಂಬೂರಿಯ ಆ ಗಾಂಧಾರವನ್ನು ಸ್ವಯಂಭು ಎನ್ನಲು ನನಗೆ ಅಡ್ಡಿ ಕಾಣದು.

1940ರ ಮಾರ್ಚ್ 1ರಿಂದ ಆಕಾಶವಾಣಿಯು ತನ್ನ ನಿಲಯಗಳಲ್ಲಿ ಹಾರ್ಮೋನಿಯಮನ್ನು ನಿಷೇಧಿಸಿತು. ಅದಕ್ಕೆ ಮುನ್ನ ದೆಹಲಿ ಕೇಂದ್ರದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಕಾರರು ಈ ವಾದ್ಯದ ವಿರುದ್ಧ ಬರೆದಿದ್ದರು; ರವೀಂದ್ರನಾಥ ಠಾಕೂರರೂ ಕಲ್ಕತ್ತೆಯ ಕೇಂದ್ರಕ್ಕೆ ಪತ್ರ ಬರೆದು ತಮ್ಮ ಅಸಮ್ಮತಿಯನ್ನು ತಿಳಿಸಿದ್ದರು. 1971ರಲ್ಲಿ ನಿಷೇಧ ಸಡಿಲವಾಗಿ, ಪಕ್ಕವಾದ್ಯವಾಗಿ ಅದಕ್ಕೆ ಪ್ರವೇಶ ದೊರೆಯಿತು. ಮೂವತ್ತೊಂದು ವರ್ಷ! ಆ ಮೂವತ್ತೊಂದು ವರ್ಷವೂ ನಮ್ಮ ಹಳ್ಳಿಗಳ ಆಟದಲ್ಲಿ ಪೇಟಿ ನಿಲ್ಲಲಿಲ್ಲ. ಬಾನುಲಿಯ ಮೈಕಿನ ಮುಂದೆಯೇ ಕೂತು ಇದನ್ನು ಹೇಳಲು ನನಗೆ ಅವಕಾಶ ಸಿಕ್ಕಿರುವುದೇ ಕಾಲ ಬದಲಾಗಿದೆ ಎಂಬುದಕ್ಕೆ ಸಾಕ್ಷಿ.

ನಿಷೇಧದ ಹಿಂದಿನ ಆಕ್ಷೇಪ ಸುಳ್ಳಾಗಿರಲಿಲ್ಲ. ಆದರೆ ಅದು ಗುರಿಯಿಟ್ಟದ್ದು ತಪ್ಪು ಕಡೆಗೆ ಎಂಬುದು ನನ್ನ ಅಭಿಪ್ರಾಯ. ತಪ್ಪು ಕೀಲಿಯದಲ್ಲ, ಕೀಲಿಯ ಹಿಂದಿನ ಸ್ವರವನ್ನು ಯಾರೋ ಎಲ್ಲೋ ನಿಶ್ಚಯಿಸಿ ಕಳುಹಿಸಿದ್ದನ್ನು ನಾವು ಹಾಗೆಯೇ ಒಪ್ಪಿಕೊಂಡೆವಲ್ಲ, ಅದು. ಇದನ್ನು ಆಗಲೇ ಅರಿತವರಿದ್ದರು. ಸಾಂಗ್ಲಿಯ ಕೆ. ಬಿ. ದೇವಲ್ ಅವರು 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಮೇಲೆ ಪುಸ್ತಕ ಬರೆದರು, ಇ. ಕ್ಲೆಮೆಂಟ್ಸ್ ಎಂಬ ಅಧಿಕಾರಿಯೊಡನೆ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸುವ ಯತ್ನದಲ್ಲಿ ತೊಡಗಿದರು. ಅಬ್ದುಲ್ ಕರೀಂ ಖಾನರು ಅವರಿಗೆ ಹಾಡಿ ತೋರಿದರು. ಆ ವಾದ್ಯ ಹರಡಲಿಲ್ಲ. ಪೇಟಿಯ ಸ್ವರ ಕೂತಿರುವುದು ಹಿತ್ತಾಳೆಯ ರೀಡಿನಲ್ಲಿ. ಅದನ್ನು ಏರಿಸಬೇಕಾದರೆ ತುದಿಯಲ್ಲಿ, ಇಳಿಸಬೇಕಾದರೆ ಬುಡದಲ್ಲಿ ಅರದಿಂದ ಉಜ್ಜಬೇಕು. ಉಜ್ಜಿದ ಹಿತ್ತಾಳೆ ಮತ್ತೆ ಬರುವುದಿಲ್ಲ. ಒಂದು ರಾಗಕ್ಕೆ ಉಜ್ಜಿಕೊಂಡವನು ಮುಂದಿನ ರಾಗಕ್ಕೆ ಏನು ಮಾಡಿಯಾನು?

ಆದರೂ ಉಜ್ಜುತ್ತಿದ್ದರು. ನಮ್ಮ ಹಳೆಯ ಪೇಟಿ ಮಾಸ್ತರರು ಹೊಸ ಪೆಟ್ಟಿಗೆ ತಂದರೆ ಮೊದಲು ಅದನ್ನು ಬಿಚ್ಚುತ್ತಿದ್ದರು. ಕಿವಿಗೆ ಒಪ್ಪದ ಗಾಂಧಾರ, ನಿಷಾದಗಳನ್ನು ಕೂದಲೆಳೆಯಷ್ಟು ಇಳಿಸಿ ಮುಚ್ಚುತ್ತಿದ್ದರು. ಹಾಗಾಗಿ ಆಟದ ಮೇಳದಲ್ಲಿ ಇಪ್ಪತ್ತು-ಮೂವತ್ತು ವರ್ಷ ಬಾಳಿದ ಒಂದೊಂದು ಪೇಟಿಯೂ ಒಬ್ಬೊಬ್ಬ ಮನುಷ್ಯನ ಕಿವಿಯ ದಾಖಲೆ. ಆ ಪೆಟ್ಟಿಗೆಗಳು ಇಂದು ಒಂದೊಂದಾಗಿ ಅಟ್ಟ ಸೇರುತ್ತಿವೆ. ಶಾಸನಗಳನ್ನು ಪಡಿಯಚ್ಚು ತೆಗೆದು ಕಾಪಾಡಿದ ನಾವು, ಈ ರೀಡುಗಳ ಶ್ರುತಿಯನ್ನು ಬರೆದಿಟ್ಟದ್ದನ್ನು ನಾನಂತೂ ಕಂಡಿಲ್ಲ.

ಈಗ ಕೀಲಿಮಣೆಯ ಮಾತು. ಗಣಕದಿಂದ ಸಂಗೀತದ ದನಿ ಹೊರಡಿಸಿದ್ದು ತೀರ ಇತ್ತೀಚಿನದೇನಲ್ಲ; ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲೇ ಅದನ್ನು ಮಾಡಿದ್ದರು. ನಮ್ಮ ದೇಶಕ್ಕೂ ಸಿಂಥಸೈಜರ್ ಬೇಗನೇ ಬಂತು: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೂಗ್ ಸಿಂಥಸೈಜರಿನ ಒಂದು ಸಂಗೀತಶಾಲೆಯೇ ತೆರೆಯಿತು. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿಗಳು ಇಂದು ಕಛೇರಿಯ ಮೂಲೆಮೂಲೆಗಳಲ್ಲಿವೆ. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ ಧ್ವನಿಮುದ್ರಿಕೆ ಹೊರತಂದರು. ಅಂದು ಯಾರೂ ಅದಕ್ಕೆ ಕಿವಿಗೊಡಲಿಲ್ಲ, ಈಗ ಹೊರದೇಶದವರು ಹುಡುಕಿಕೊಂಡು ಕೇಳುತ್ತಾರೆ.

ಆದರೆ ನಿಜವಾದ ತಿರುವು 1983ರ ಜನವರಿಯದು. ಕ್ಯಾಲಿಫೋರ್ನಿಯದ ಒಂದು ವಾದ್ಯ ಪ್ರದರ್ಶನದಲ್ಲಿ, ಡೇವ್ ಸ್ಮಿತ್ ಅವರ ಸಂಸ್ಥೆಯ ಪ್ರಾಫೆಟ್-600 ಎಂಬ ವಾದ್ಯವನ್ನೂ ಜಪಾನಿನ ರೋಲಂಡ್ ಸಂಸ್ಥೆಯ ಜುಪಿಟರ್-6 ಎಂಬುದನ್ನೂ ಒಂದು ತಂತಿಯಿಂದ ಜೋಡಿಸಿ, ಒಂದರ ಕೀಲಿ ಒತ್ತಿದರೆ ಇನ್ನೊಂದು ನುಡಿಯುವಂತೆ ತೋರಿಸಿದರು. ಬೇರೆಬೇರೆ ತಯಾರಕರ ಯಂತ್ರಗಳು ಪರಸ್ಪರ ಆಡಬಲ್ಲ ಈ ಭಾಷೆಗೆ 'ಮಿಡಿ' ಎಂದು ಹೆಸರು. ಅದು ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳ ಕೂಟವಷ್ಟೇ. ಆದರೂ ತಂತಿಯನ್ನು ಮಿಡಿಯುವ, ಹೃದಯ ಮಿಡಿಯುವ ನಮಗೆ ಈ ಶಬ್ದ ಪರಕೀಯವೆನಿಸುವುದಿಲ್ಲ. ಸೋಜಿಗವೆಂದರೆ ಯಂತ್ರದ ಅರ್ಥವೂ ಅದೇ. ಈ ಭಾಷೆಯಲ್ಲಿ ದನಿಯಿಲ್ಲ. ಇರುವುದು ಮಿಡಿತದ ಸುದ್ದಿ ಮಾತ್ರ. ಎಷ್ಟನೆಯ ಕೀಲಿ, ಎಷ್ಟು ಜೋರು, ಯಾವ ಚಾನೆಲ್ಲು, ಇಷ್ಟೇ. ಕೀಲಿಗಳಿಗೆ 0ಯಿಂದ 127ರವರೆಗೆ ಅಂಕಿ. ಪೇಟಿಯವರು ಬಿಳಿ ಒಂದು ಎನ್ನುವ ನಡುಸ್ಥಾಯಿಯ ಕೀಲಿಗೆ 60, ಕರಿ ಒಂದಕ್ಕೆ 61. ಒತ್ತಿದ ಬಲಕ್ಕೂ 127ರ ವರೆಗೆ ಅಂಕಿ. ಅಂಕಿಯನ್ನು ದನಿಯಾಗಿಸುವ ಹೊಣೆ ಕೇಳಿಸಿಕೊಂಡವನದು. ಮೊದಮೊದಲು ಕೇಳಿಸಿಕೊಳ್ಳುವುದು ಭಾರದ ಪೆಟ್ಟಿಗೆಯಾಗಿತ್ತು. 1999ರ ಹೊತ್ತಿಗೆ ಗಣಕದೊಳಗಿನ ಧ್ವನಿಮುದ್ರಣದ ತಂತ್ರಾಂಶಕ್ಕೇ ಸಿಂಥಸೈಜರನ್ನು ಸೇರಿಸುವ ದಾರಿ ತೆರೆಯಿತು, ವಾದ್ಯವೇ ತಂತ್ರಾಂಶವಾಯಿತು.

ಕಂಪ್ಲಿಯ ತರುಣನೊಬ್ಬ, ಹಗಲು ಅಂಗಡಿಯ ಲೆಕ್ಕ ಬರೆಯುವವನು, ರಾತ್ರಿ ಆರ್ಕೆಸ್ಟ್ರಾದಲ್ಲೂ ದೊಡ್ಡಾಟದಲ್ಲೂ ನುಡಿಸುವವನು, ಇಂಥದೊಂದು ಕೀಲಿಮಣೆ ಕೊಂಡು ತಂದ. ಅವನ ತಂದೆ ನನ್ನ ವಿದ್ಯಾರ್ಥಿ. ನಾನು ರಾಮಾಮಾತ್ಯನನ್ನು ಓದುತ್ತಿರುವೆನೆಂದು ಕೇಳಿ ಹೊಸಪೇಟೆಯ ನಮ್ಮ ಮನೆಗೇ ಹೊತ್ತು ತಂದಿದ್ದ. "ಸಾರ್, ಇದನ್ನ ಎಷ್ಟು ಒತ್ತಿದ್ರೂ ಸದ್ದೇ ಬರಲ್ಲ ನೋಡ್ರಿ" ಎಂದು ನಕ್ಕ. ಬರಬಾರದು, ಅದು ಮೂಕ. ನನಗಿಂತ ಚೆನ್ನಾಗಿ ಅವನಿಗೇ ಅದು ಗೊತ್ತಿತ್ತು. ಅವನು ಜೋಡಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ.

ತಂತಿಯನ್ನು ಗಣಕಕ್ಕೆ ಸಿಕ್ಕಿಸಿದ. ತಂತ್ರಾಂಶದಲ್ಲಿ ಈ ಕೀಲಿಮಣೆಯನ್ನು ಒಳಬರುವ ದಾರಿಯಾಗಿ ಆರಿಸಿದ. ಎರಡೂ ಕಡೆ ಚಾನೆಲ್ಲಿನ ಅಂಕಿ ಒಂದೇ ಇರಬೇಕು, ಇಲ್ಲವಾದರೆ ಒಬ್ಬ ಹೇಳುತ್ತಾನೆ, ಇನ್ನೊಬ್ಬ ಕೇಳುವುದಿಲ್ಲ. ದನಿ ಬಂತು, ಆದರೆ ತಡವಾಗಿ. ಗಣಕ ದನಿಯನ್ನು ಬಿಡಿಬಿಡಿಯಾಗಿ ಅಲ್ಲ, ಬಫರ್ ಎಂಬ ಒಂದೊಂದು ಮೂಟೆ ಕಟ್ಟಿ ಹೊರಗೆ ಕಳಿಸುತ್ತದೆ. ಸೆಕೆಂಡಿಗೆ 44,100 ತುಣುಕುಗಳ ಲೆಕ್ಕದಲ್ಲಿ 1024 ತುಣುಕುಗಳ ಮೂಟೆಗೆ ಸುಮಾರು 23 ಮಿಲಿಸೆಕೆಂಡು ಹಿಡಿಯುತ್ತದೆ. ಗಾಳಿಯಲ್ಲಿ ದನಿ ಅಷ್ಟು ಹೊತ್ತಿಗೆ ಇಪ್ಪತ್ತಾರು ಅಡಿ ಹೋಗಿರುತ್ತದೆ. ತನ್ನ ಬೆರಳ ತುದಿಯ ಪೇಟಿ ಅಷ್ಟು ದೂರದಲ್ಲಿ ನುಡಿದರೆ ಮದ್ದಳೆಯವನೊಡನೆ ಲಯ ಕೂಡುವುದೆಂತು? ಅವನು ಮೂಟೆಯನ್ನು 256ಕ್ಕೆ ಇಳಿಸಿದ. ತಡ ಆರು ಮಿಲಿಸೆಕೆಂಡಿನ ಒಳಗೆ ಬಂತು. ಅದಕ್ಕೂ ಇಳಿಸಿದರೆ ಗಣಕ ಹೊರಲಾರದೆ ಚಟಚಟ ಸದ್ದು ಮಾಡುತ್ತದೆ. ಈ ಭಾಗ ಇಷ್ಟೇ. ಎಲ್ಲರೂ ಎರಡು ದಿನದಲ್ಲಿ ಕಲಿಯುತ್ತಾರೆ.

ಇಲ್ಲಿಗೇ ನಿಲ್ಲಿಸುವುದೂ ವಾಡಿಕೆ, ಮತ್ತು ನನ್ನ ತಕರಾರು ಆ ವಾಡಿಕೆಯ ಮೇಲೆ. ದನಿ ಬಂತೆಂದರೆ ಜೋಡಣೆ ಮುಗಿಯಿತೆಂದಲ್ಲ. 61ನೆಯ ಕೀಲಿ ಎಂಬ ಸುದ್ದಿ ಬಂದಾಗ ಎಷ್ಟು ಕಂಪನದ ದನಿ ಹೊರಡಬೇಕು? ತಂತ್ರಾಂಶದೊಳಗೆ ಅದಕ್ಕೊಂದು ಪಟ್ಟಿ ಇದೆ. ಕಾರ್ಖಾನೆಯಿಂದ ಬಂದಾಗ ಅದರಲ್ಲಿರುವುದು ಸಮಪಾಲು. ತರುಣನ ಮೇಳದ ಹಿರಿಯ ಪೇಟಿ ಮಾಸ್ತರರು ಸಂಡೂರಿನ ಕಡೆಯವರು, ಎಪ್ಪತ್ತು ದಾಟಿದವರು. ಹೊಸ ಕೀಲಿಮಣೆಯ ಜೊತೆ ಒಂದು ಪದ ಹಾಡಿ, "ಯಾಕಪ್ಪ, ಸ್ವರ ಕುಂದ್ರವಲ್ದು" ಎಂದು ಎದ್ದುಬಿಟ್ಟಿದ್ದರಂತೆ. ತರುಣ ಅದನ್ನು ಮುದುಕರ ಹಟವೆಂದು ತಿಳಿದಿದ್ದ. ಅಲ್ಲ, ಅದು 300ಕ್ಕೂ 302.4ಕ್ಕೂ ಇರುವ ವ್ಯತ್ಯಾಸ.

ಈ ಪಟ್ಟಿಯನ್ನು ಬದಲಿಸಬಹುದು. ಹಣ ಕೊಡದೆ ದೊರೆಯುವ ಸರ್ಜ್ ಎಕ್ಸ್‌ಟಿಯಂಥ ತಂತ್ರಾಂಶಗಳೂ 'ಸ್ಕಾಲಾ' ಎಂಬ ಬಗೆಯ ಶ್ರುತಿಪಟ್ಟಿಯನ್ನು ಓದುತ್ತವೆ. ಅದು ಸಾಮಾನ್ಯ ಬರಹದ ಕಡತ. ಹನ್ನೆರಡು ಸಾಲು, ಒಂದೊಂದರಲ್ಲೂ ಷಡ್ಜಕ್ಕೆ ಆ ಸ್ವರದ ಪ್ರಮಾಣ. ಅಂತರ ಗಾಂಧಾರಕ್ಕೆ 5/4, ಶುದ್ಧ ಮಧ್ಯಮಕ್ಕೆ 4/3, ಪಂಚಮಕ್ಕೆ 3/2, ಕೊನೆಯ ಸಾಲಿನಲ್ಲಿ ಮೇಲಿನ ಷಡ್ಜಕ್ಕೆ 2/1. ಇಲ್ಲೊಂದು ಎಚ್ಚರಿಕೆ ಬೇಕು. ಪಟ್ಟಿಗೆ ತನ್ನ ಷಡ್ಜ ಯಾವ ಕೀಲಿ ಎಂದು ಬೇರೆಯಾಗಿ ತಿಳಿಸಬೇಕು. ಹಾಡುವವರು ಕರಿ ಒಂದರಲ್ಲಿ ಹಾಡುತ್ತಿದ್ದು, ಪಟ್ಟಿ ಬಿಳಿ ಒಂದನ್ನು ಷಡ್ಜವೆಂದು ತಿಳಿದಿದ್ದರೆ, ಹನ್ನೊಂದು ಸ್ವರಗಳೂ ಬೇರೆಯವರ ಮನೆ ಹೊಕ್ಕು ಕೂರುತ್ತವೆ. ಆಗ ಸಮಪಾಲೇ ವಾಸಿ ಎನಿಸಿಬಿಡುತ್ತದೆ.

ಸ್ವರ ಜಾರುವ ವಿಚಾರಕ್ಕೂ ಉಪಾಯವುಂಟು. ಕೀಲಿಮಣೆಯ ಎಡಗಡೆ ಒಂದು ಚಕ್ರವಿದೆ. ತಿರುಗಿಸಿದರೆ ಸ್ವರ ಬಾಗುತ್ತದೆ, 16,384 ಹೆಜ್ಜೆಗಳಲ್ಲಿ. ಚೆನ್ನೈಯ ಕೆ. ಸತ್ಯನಾರಾಯಣನ್ ಅವರು ಈ ಚಕ್ರದ ಬಲದಿಂದಲೇ ಕೀಲಿಮಣೆಯಲ್ಲಿ ಕರ್ನಾಟಕ ಸಂಗೀತದ ಕಛೇರಿ ನಡೆಸುತ್ತಾರೆ. ಚಕ್ರವೂ ಮೂಕವೇ: ತಾನೆಷ್ಟು ತಿರುಗಿದೆ ಎಂದಷ್ಟೇ ಅದು ಹೇಳುತ್ತದೆ, ಸ್ವರ ಎಷ್ಟು ಬಾಗಬೇಕೆಂಬುದನ್ನು ತಂತ್ರಾಂಶದಲ್ಲಿ ಗೊತ್ತುಮಾಡಬೇಕು. ಸಾಮಾನ್ಯವಾಗಿ ಅದು ಮೇಲೆ-ಕೆಳಗೆ ಎರಡೆರಡು ಮನೆ. ಒಂದು ಚಾನೆಲ್ಲಿನ ಎಲ್ಲ ದನಿಗಳನ್ನೂ ಅದು ಒಟ್ಟಿಗೆ ಬಾಗಿಸುವುದರಿಂದ ಶ್ರುತಿಯ ದನಿಯನ್ನು ಬೇರೆ ಚಾನೆಲ್ಲಿನಲ್ಲಿ ಇಡಬೇಕು. ಗಾಂಧಾರ ಬಾಗುವಾಗ ಷಡ್ಜವೂ ಬಾಗಿದರೆ ಕೇಳುವುದೇನನ್ನು? ಒಂದೊಂದು ಕೀಲಿಯ ದನಿಯನ್ನೂ ಬೇರೆಬೇರೆಯಾಗಿ ಬಾಗಿಸುವ ಏರ್ಪಾಡು 2018ರಲ್ಲಿ ಮಿಡಿಯ ಕಟ್ಟಳೆಗೆ ಸೇರಿದೆ, ಆದರೆ ಅದಕ್ಕೆ ತಕ್ಕ ಕೀಲಿಮಣೆಗಳು ಇನ್ನೂ ದುಬಾರಿ.

ಇದನ್ನೆಲ್ಲ ನೋಡುತ್ತಿದ್ದಾಗ ನನಗೆ ಹೊಳೆದದ್ದು ಎಡಗೈಯ ಇತಿಹಾಸ. ವೀಣೆಯಲ್ಲಿ ಬಲಗೈ ಮಿಡಿಯುತ್ತದೆ, ಎಡಗೈ ತಂತಿಯನ್ನು ಎಳೆದು ಗಮಕ ಹುಟ್ಟಿಸುತ್ತದೆ. ಕೈಪೇಟಿ ಬಂದು ಆ ಎಡಗೈಯನ್ನು ಕಮ್ಮಾರನ ಕೆಲಸಕ್ಕೆ, ತಿದಿ ಒತ್ತಲು, ಹಚ್ಚಿತು. ಈ ಮೂಕ ಕೀಲಿಮಣೆಯಲ್ಲಿ ಬಲಗೈ ಮಿಡಿಯುತ್ತದೆ, ಎಡಗೈ ಮತ್ತೆ ಸ್ವರವನ್ನು ಬಾಗಿಸುತ್ತದೆ. ವೀಣೆಯವರಿಗೆ ಈ ಹೋಲಿಕೆ ಅತಿಯೆನಿಸಬಹುದು. ಚಕ್ರದ ರಬ್ಬರಿಗೂ ತಂತಿಯ ಬಿಗುವಿಗೂ ಹೋಲಿಕೆಯಿಲ್ಲವೆಂಬುದನ್ನು ನಾನೂ ಬಲ್ಲೆ. ಕೆಲಸದ ಹಂಚಿಕೆಯ ಮಾತು ಹೇಳಿದೆ, ಅಷ್ಟೆ.

ಹಾಗೆಂದು 5/4, 3/2 ಎಂಬ ಹನ್ನೆರಡು ಪ್ರಮಾಣಗಳನ್ನು ಬರೆದಿಟ್ಟರೆ ಸಂಗೀತ ಸಿದ್ಧವಾಯಿತೆಂದು ನಾನು ಹೇಳುತ್ತಿಲ್ಲ. ಎಲ್ಲ ರಾಗಕ್ಕೂ ಒಂದೇ ಗಾಂಧಾರ ಒಪ್ಪುವುದಿಲ್ಲವೆಂದು ಹಾಡುವವರೆಲ್ಲ ಬಲ್ಲರು. ಸಮಪಾಲಿನ ಪಟ್ಟಿಯಾಗಲಿ, ಶುದ್ಧ ಪ್ರಮಾಣದ ಒಂದು ಪಟ್ಟಿಯಾಗಲಿ, ಎರಡೂ ರಾಮಾಮಾತ್ಯ ಹೇಳಿದ ಸರ್ವರಾಗಮೇಳವೇ. ಆದರೆ ರಾಗಕ್ಕೊಂದು ಪಟ್ಟಿ ಬರೆದಿಟ್ಟುಕೊಂಡು, ರಾಗ ಬದಲಾದಾಗ ಪಟ್ಟಿಯನ್ನು ಬದಲಿಸುವುದು ಗಣಕದಲ್ಲಿ ಕ್ಷಣದ ಕೆಲಸ. ಇದು ಅವನ ಏಕರಾಗಮೇಳ. 1550ರಲ್ಲಿ ಒಂದೊಂದು ರಾಗಕ್ಕೂ ವೀಣೆಯನ್ನು ಹೊಸದಾಗಿ ಸಜ್ಜುಮಾಡಬೇಕಿತ್ತು. ದೇವಲ್ ಅವರ ಕಾಲದಲ್ಲಿ ಹಿತ್ತಾಳೆಯನ್ನು ಕಳೆದುಕೊಳ್ಳಬೇಕಿತ್ತು. ಇಂದು ಕಳೆದುಕೊಳ್ಳುವುದು ಏನೂ ಇಲ್ಲ. ಮೇಣ ಮತ್ತೆ ಕೈಗೆ ಬಂದಿದೆ. ಅನುಕೂಲಕ್ಕೂ ನಿಷ್ಠೆಗೂ ನಡುವೆ ಅವನು ಎಳೆದ ಗೆರೆ ಬಹುಮಟ್ಟಿಗೆ ಅಳಿಸಿಹೋಗಿರುವ ಈ ಕಾಲದಲ್ಲಿಯೂ, ಅವನ ಊರಿನ ಮಕ್ಕಳು ಕಾರ್ಖಾನೆಯ ಪಟ್ಟಿಯನ್ನೇ ನುಡಿಸಿ, ಅದನ್ನೇ ಕೇಳಿ, ಕೊನೆಗೆ ಅದೇ ಗಾಂಧಾರವನ್ನು ಹಾಡತೊಡಗಿದರೆ, ಆಗ ಹಾಳಾಗುವುದನ್ನು ಉತ್ಖನನದಿಂದ ಮೇಲೆತ್ತಲಾಗದು.

ನಮ್ಮ ತರುಣ ಪುಸ್ತಕದ ಪ್ರಮಾಣಗಳಿಂದ ತೊಡಗಲಿಲ್ಲ. ಆ ಹಿರಿಯ ಮಾಸ್ತರರ ಹಳೆಯ ಪೇಟಿಯನ್ನು ಅವರ ಮನೆಯ ಅಟ್ಟದಿಂದ ಇಳಿಸಿ, ಒಂದೊಂದು ರೀಡನ್ನೂ ನುಡಿಸಿ, ಕೈಫೋನಿನ ಶ್ರುತಿಮಾಪಕದಲ್ಲಿ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಗಾಂಧಾರ ಸಮಪಾಲಿಗಿಂತ ತಗ್ಗು, ನಿಷಾದವೂ ತಗ್ಗು. ಒಂದೆರಡು ಸ್ವರಗಳು ಯಾವ ಶಾಸ್ತ್ರದ ಪ್ರಮಾಣಕ್ಕೂ ಕೂಡಲಿಲ್ಲ. ಅವನ್ನು ತಿದ್ದಬೇಡ, ಇದ್ದಂತೆಯೇ ಪಟ್ಟಿಗೆ ಹಾಕು ಎಂದು ನಾನು ಹೇಳಿದೆ. ಗ್ರಂಥಸಂಪಾದನೆಯಲ್ಲಿ ನಾವು ಮಾಡುವುದೂ ಅದನ್ನೇ; ಓಲೆಯಲ್ಲಿದ್ದ ಪಾಠವನ್ನು ಮೊದಲು ಇದ್ದಂತೆ ಕೊಟ್ಟು, ಅನುಮಾನವನ್ನು ಅಡಿಯಲ್ಲಿ ಬರೆಯುವುದು. ಅದು ಮೊದಲನೆಯ ಪಟ್ಟಿಯಾಯಿತು, ಅದರ ಕಡತಕ್ಕೆ ಮಾಸ್ತರರ ಊರಿನ ಹೆಸರನ್ನೇ ಇಟ್ಟ. ತರುವಾಯ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹಾಡುವ ಮಟ್ಟುಗಳಿಗೆ ತಕ್ಕಂತೆ ಒಂದೊಂದೇ ಸ್ವರವನ್ನು ಏರಿಸಿ ಇಳಿಸಿ ಇನ್ನೂ ನಾಲ್ಕನ್ನು ಮಾಡಿದ್ದಾನೆ. ಆರನೆಯದಕ್ಕೆ ಅವರು ಇನ್ನೂ ಒಪ್ಪಿಲ್ಲ. ಅದರ ನಿಷಾದ ಮತ್ತೊಂದು ಎಳೆ ಇಳಿಯಬೇಕಂತೆ.